ಕಲ್ಯಾಣದ ಭಂಗಿ

ಪ್ಯಾರಿಸ್ ನಗರವು ಉಡುಪಿನ ರಾಜಧಾನಿ ಎಂಬುದು ಆ ಊರನ್ನು ಕಂಡವರಿಗಿಂತ ಕಾಣದವರಿಗೇ ಹೆಚ್ಚು ಖಚಿತವಾಗಿ ಗೊತ್ತು. ಇದು ಚಮತ್ಕಾರಕ್ಕಾಗಿ ಹೇಳಿದ ಮಾತಲ್ಲ. ಒಂದು ಪಟ್ಟಣದಲ್ಲಿ ಒಳ್ಳೆಯ ನೇಯ್ಗೆ ಇರಬಹುದು, ಕೈಚಳಕದ ದರ್ಜಿಗಳಿರಬಹುದು, ಹಣವಂತರಿರಬಹುದು; ಅಷ್ಟರಿಂದಲೇ ಅದು ಫ್ಯಾಷನ್ನಿನ ಕೇಂದ್ರವೆನಿಸುವುದಿಲ್ಲ. ಆ ಪಟ್ಟಣವನ್ನು ಎಂದೂ ನೋಡದವರು, ನೋಡುವ ಆಸೆಯನ್ನೂ ಬಿಟ್ಟವರು, ತಮ್ಮ ಊರಿನಲ್ಲೇ ಕುಳಿತು ಅಲ್ಲಿಯವರಂತೆ ಕಾಣಬೇಕೆಂದು ಹಂಬಲಿಸಿದಾಗ ಮಾತ್ರ ಅದಕ್ಕೆ ಆ ಪದವಿ ಬರುತ್ತದೆ. ನಮ್ಮ ಅರಕಲಗೂಡಿನ ಪೇಟೆಯಲ್ಲಿ ಜವಳಿ ಅಂಗಡಿಯವರು ಸೀರೆಯನ್ನು ಬಿಚ್ಚಿ ಹರಡುತ್ತ ಮೊದಲು ಹೇಳುವ ಮಾತು ಬಣ್ಣ ಗಟ್ಟಿಯೆಂದಲ್ಲ, ಬಾಳಿಕೆ ಬರುತ್ತದೆಂದಲ್ಲ. "ಇದು ಈಗ ಬೆಂಗಳೂರಲ್ಲಿ ನಡೀತಾ ಇದೆ, ಅಕ್ಕಾ" ಎಂದು. ಬೆಂಗಳೂರಿನ ಅಂಗಡಿಯವರು ಇದೇ ಮಾತನ್ನು ಮುಂಬಯಿಯ ಹೆಸರಿನಲ್ಲಿ ಹೇಳುತ್ತಾರೆ. ಮುಂಬಯಿಯವರು ಯಾವ ಊರನ್ನು ಹೆಸರಿಸುತ್ತಾರೋ ನಾನು ಕೇಳಿಲ್ಲ, ಊಹಿಸಬಲ್ಲೆ.

ಈ ಸಂಗತಿಯನ್ನು ನಮ್ಮ ಸಾಹಿತ್ಯದಲ್ಲಿ ಚೆನ್ನಾಗಿ ಕಂಡವರು ಮಾಸ್ತಿಯವರು. 'ರಂಗನ ಮದುವೆ'ಯಲ್ಲಿ ಬೆಂಗಳೂರಿಗೆ ಓದಲು ಹೋಗಿದ್ದ ರಂಗ ಹೊಸಹಳ್ಳಿಗೆ ಹಿಂತಿರುಗಿದಾಗ ಊರಿಗೆ ಊರೇ ಅವನನ್ನು ನೋಡಲು ಓಡುತ್ತದೆ. ಓಡಿದವರಿಗೆ ರಂಗ ಬೇಕಾಗಿರಲಿಲ್ಲ, ಅವನ ಮೈಮೇಲೆ ಬೆಂಗಳೂರು ಕಾಣಿಸುತ್ತದೆಯೇ ಎಂಬುದು ಬೇಕಾಗಿತ್ತು. ಒಬ್ಬ ಮುದುಕಿ ಅವನ ಎದೆಯನ್ನು ತಡವಿ ನೋಡಿ ಜನಿವಾರ ಇನ್ನೂ ಇದೆಯೆಂದು ಸಮಾಧಾನಪಡುತ್ತಾಳೆ. ರಂಗ ಮೊದಲಿನಂತೆಯೇ ಇದ್ದಾನೆಂದು ತಿಳಿದ ಕೂಡಲೆ ಗುಂಪು ಚೆದುರುತ್ತದೆ. ಕಥೆಯ ಹಾಸ್ಯವೆಲ್ಲ ಇಲ್ಲಿದೆ: ಊರಿನವರಿಗೆ ಭಯವೂ ಇದೆ, ಭಯ ನಿಜವಾಗಲಿಲ್ಲವೆಂಬ ಸಣ್ಣ ನಿರಾಶೆಯೂ ಇದೆ. ಬೆಂಗಳೂರನ್ನು ಕಾಣದವರ ಮನಸ್ಸಿನಲ್ಲಿ ಬೆಂಗಳೂರಿನ ಉಡುಪೊಂದು ಆಗಲೇ ಸಿದ್ಧವಾಗಿತ್ತು.

ಕನ್ನಡ ನಾಡಿನ ಯಾವುದಾದರೂ ಪಟ್ಟಣ ಹೀಗೆ ದೂರದವರ ಮನಸ್ಸನ್ನು ಹೊಕ್ಕು ಕುಳಿತದ್ದುಂಟೆ? ಹಾಸನದ ಸುತ್ತಮುತ್ತಲಿನವರನ್ನು ಕೇಳಿದರೆ ತಟ್ಟನೆ ಬೇಲೂರು ಹಳೇಬೀಡುಗಳ ಕಡೆಗೆ ಕೈತೋರಿಸುತ್ತಾರೆ. ಅದು ತಪ್ಪೇನೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಉತ್ತರ ಮಾತ್ರ ಬೀದರ ಜಿಲ್ಲೆಯ ಬಸವಕಲ್ಯಾಣ, ಹನ್ನೊಂದು ಹನ್ನೆರಡನೆಯ ಶತಮಾನಗಳ ಕಲ್ಯಾಣ. ಅದಕ್ಕೆ ಸಾಕ್ಷಿ ಹೇಳುವವನು ಕನ್ನಡಿಗನಲ್ಲ, ದಕ್ಷಿಣದವನೂ ಅಲ್ಲ, ಕಾಶ್ಮೀರದ ಕಲ್ಹಣ.

'ರಾಜತರಂಗಿಣಿ' 1148-49ರಲ್ಲಿ ರಚಿತವಾದ ಗ್ರಂಥ. ಅದರ ಏಳನೆಯ ತರಂಗದಲ್ಲಿ 1089ರಿಂದ 1101ರವರೆಗೆ ಕಾಶ್ಮೀರವನ್ನಾಳಿದ ಹರ್ಷನ ಕಥೆ ಬರುತ್ತದೆ. ಕಲ್ಹಣನ ತಂದೆ ಚಣ್ಪಕ ಆ ಹರ್ಷನ ಬಳಿಯಲ್ಲೇ ಅಧಿಕಾರದಲ್ಲಿದ್ದವನು. ಆದ್ದರಿಂದ ಇದು ಮನೆಯ ಹಿರಿಯರ ಬಾಯಿಂದ ಕೇಳಿದ ಸಂಗತಿ ಎನ್ನಬಹುದು. ಅದಕ್ಕೆ ಹಿಂದೆ ಕಾಶ್ಮೀರದಲ್ಲಿ ದೊರೆಯೊಬ್ಬನನ್ನು ಬಿಟ್ಟರೆ ಇತರರು ತಲೆಗೂದಲನ್ನು ಬಿಟ್ಟುಕೊಂಡು, ಶಿರೋಭೂಷಣ ಕರ್ಣಭೂಷಣಗಳಿಲ್ಲದೆ ಇರುತ್ತಿದ್ದರಂತೆ. ಮದನನೆಂಬ ಸೇನಾಪತಿ ಕೂದಲನ್ನು ಕಟ್ಟಿಕೊಂಡದ್ದಕ್ಕೆ, ಜಯಾನಂದನೆಂಬ ಮುಖ್ಯಮಂತ್ರಿ ಬಣ್ಣದ ಮೋಟು ಅಂಗಿ ತೊಟ್ಟದ್ದಕ್ಕೆ ರಾಜಕೋಪಕ್ಕೆ ಗುರಿಯಾದರಂತೆ. ಅಂಥ ನಾಡಿನಲ್ಲಿ ಹರ್ಷ ರಾಜಯೋಗ್ಯವಾದ ಉಡುಪನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಚೆನ್ನಾಗಿ ಉಟ್ಟು ಬಂದ ಮಂತ್ರಿಗಳಿಗೆ ತನ್ನ ಪರಿಚಾರಿಕೆಯರಿಂದ ಆರತಿ ಎತ್ತಿಸುತ್ತಿದ್ದನಂತೆ! ಈ ವಿಲಾಸಿ ದೊರೆಗೆ ದಕ್ಷಿಣದ ರೀತಿ ಬಹಳ ಪ್ರಿಯವಾಗಿತ್ತು ಎಂದೂ, ಅದಕ್ಕಾಗಿಯೇ ಕರ್ಣಾಟದ ನಾಣ್ಯವನ್ನು ಹೋಲುವ ಟಂಕವನ್ನು ಅವನು ಅಚ್ಚು ಹಾಕಿಸಿದನೆಂದೂ ಕಲ್ಹಣ ಹೇಳುತ್ತಾನೆ. ಹರ್ಷನ ಸಭೆಯಲ್ಲಿ ತಾಳೆಗರಿಗಳು ಅಲುಗಾಡುತ್ತಿದ್ದುವು, ಹಣೆಯ ಮೇಲೆ ದೊಡ್ಡ ಗಂಧದ ತಿಲಕಗಳು ಮೆರೆಯುತ್ತಿದ್ದುವು. ಹಿಮ ಬೀಳುವ ದೇಶದಲ್ಲಿ ತಾಳೆಗರಿ ಮತ್ತು ಗಂಧ ಎಷ್ಟು ಉಪಯುಕ್ತವೆಂಬುದನ್ನು ಸಹೃದಯರು ಯೋಚಿಸಿಕೊಳ್ಳಲಿ. ಫ್ಯಾಷನ್ನಿಗೆ ಹವೆಯ ಗೊಡವೆ ಅಂದೂ ಇರಲಿಲ್ಲ. ಬೇಸಗೆಯ ಮದುವೆಗಳಲ್ಲಿ ಕೋಟು ತೊಟ್ಟು ಬೆವರುವ ನಮ್ಮ ಮದುವಣಿಗರು ಹರ್ಷನ ಸಂತತಿಯವರೇ.

ದಕ್ಷಿಣದ ರೀತಿ ಎನ್ನುವಲ್ಲಿ ಕಲ್ಹಣ ಬಳಸುವ ಶಬ್ದ 'ಭಂಗಿ'. ಫ್ಯಾಷನ್ ಎಂಬುದಕ್ಕೆ ಕನ್ನಡದಲ್ಲಿ ಒಪ್ಪುವ ಮಾತಿಲ್ಲವೆಂದು ನಾವು ಕೊರಗುತ್ತೇವೆ. ಷೋಕಿ ಎಂದರೆ ಬೈಗುಳ, ಬೆಡಗು ಎಂದರೆ ಒಗಟು, ಸೊಗಸು ಎಂದರೆ ಯಾವುದಕ್ಕಾದರೂ ಆಗುತ್ತದೆ. ಮೈಯನ್ನು ಒಂದು ರೀತಿಯಲ್ಲಿ ನಿಲ್ಲಿಸುವುದು, ಬಟ್ಟೆಯನ್ನು ಒಂದು ರೀತಿಯಲ್ಲಿ ಇಳಿಬಿಡುವುದು, ಎರಡೂ ಸೇರಿದ ಈ ಭಂಗಿ ಎಂಬ ಮಾತು ಒಂಬೈನೂರು ವರ್ಷಗಳ ಹಿಂದೆ ನಮ್ಮವರನ್ನೇ ಕುರಿತು ಪ್ರಯೋಗವಾಗಿದೆ. ನಾನು ಅದನ್ನೇ ಇಲ್ಲಿ ಬಳಸುತ್ತೇನೆ.

ದಕ್ಷಿಣವೆಂದರೆ ಕಾಂಚಿಯೂ ಆಗಬಹುದು, ತಂಜಾವೂರೂ ಆಗಬಹುದು, ಕಲ್ಯಾಣವೇ ಏಕೆ ಎಂದು ಕೇಳುವವರಿದ್ದಾರೆ. ನಾಣ್ಯ ಕರ್ಣಾಟದ್ದು ಎಂಬುದೊಂದು ಉತ್ತರ. ಇನ್ನೊಂದು ಉತ್ತರ ಕಲ್ಹಣನ ಕಥೆಯಲ್ಲೇ ಮುಂದೆ ಬರುತ್ತದೆ. ಕರ್ಣಾಟದ ದೊರೆ ಪರ್ಮಾಡಿ, ಎಂದರೆ ಆರನೆಯ ವಿಕ್ರಮಾದಿತ್ಯ. ಅವನ ರಾಣಿ ಚಂದಲೆ. ಆಕೆಯ ಚಿತ್ರವೊಂದನ್ನು ನೋಡಿ ಹರ್ಷ ಮರುಳಾದ. ಕಲ್ಯಾಣವನ್ನು ಗೆದ್ದು ಅವಳನ್ನು ಕಾಣುವವರೆಗೆ ಪಚ್ಚಕರ್ಪೂರವನ್ನು ಮುಟ್ಟುವುದಿಲ್ಲವೆಂದು ತುಂಬಿದ ಸಭೆಯಲ್ಲಿ ಶಪಥ ಮಾಡಿದ. ಕಾಶ್ಮೀರದಿಂದ ಕಲ್ಯಾಣಕ್ಕೆ ದಂಡು ಹೋಗುವುದೆಂದರೇನು! ಹೊಗಳುಭಟರು ಹುರಿದುಂಬಿಸಿದರು, ಕಲ್ಹಣ ನಗುತ್ತಾನೆ. ಆದರೆ ನಮ್ಮ ಪ್ರಸ್ತುತಕ್ಕೆ ಇದಕ್ಕಿಂತ ಬೆಲೆಯುಳ್ಳ ಸಾಕ್ಷಿ ಬೇಕೆ? ಒಂದು ಊರಿನ ಹೆಣ್ಣಿನ ಚಿತ್ರ ನೂರಾರು ಗಾವುದ ದೂರದ ಅರಮನೆಯನ್ನು ಮುಟ್ಟಿತ್ತು; ಅದನ್ನು ಕಂಡವನು ಆ ಊರಿನಂತೆ ಉಡುತ್ತಿದ್ದ, ಆ ಊರಿನ ನಾಣ್ಯದಂತೆ ನಾಣ್ಯ ಹೊಡೆಸಿದ್ದ, ಆ ಊರನ್ನು ಎಂದೂ ನೋಡಿರಲಿಲ್ಲ. ಪ್ಯಾರಿಸ್ಸಿನ ಚಿತ್ರಪತ್ರಿಕೆಗಳು ಲೋಕದಲ್ಲೆಲ್ಲ ಮಾಡಿದ ಕೆಲಸವನ್ನು ಈ ಒಂದು ಪಟ ಕಾಶ್ಮೀರದಲ್ಲಿ ಮಾಡಿತು.

ಕಲ್ಯಾಣಕ್ಕೆ ಈ ಹೆಸರು ಹೇಗೆ ಬಂತು? ವಿಕ್ರಮಾದಿತ್ಯ 1076ರಿಂದ 1126ರವರೆಗೆ, ಸುಮಾರು ಐವತ್ತು ವರ್ಷ ಆಳಿದ. ಅಷ್ಟು ಕಾಲ ಒಂದೇ ಕೈಯಲ್ಲಿ ಉಳಿದ ಆಸ್ಥಾನಕ್ಕೆ ತನ್ನದೇ ಆದ ಒಂದು ನಡೆನುಡಿ ಬರುತ್ತದೆ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು ದೇಶದಿಂದ ದೇಶಕ್ಕೆ ಸರಕನ್ನು ಸಾಗಿಸುತ್ತಿದ್ದ ಕಾಲ ಅದು. ಇದೆಲ್ಲ ಇದ್ದ ರಾಜಧಾನಿಗಳು ಭರತಖಂಡದಲ್ಲಿ ಇನ್ನೂ ಕೆಲವು ಇದ್ದುವು. ಕಲ್ಯಾಣದ ವಿಶೇಷ ಅದಕ್ಕೆ ದೊರೆತ ಲೇಖನಿ. ಬಿಲ್ಹಣ ಕಾಶ್ಮೀರದವನು, ಊರು ಬಿಟ್ಟು ಅಲೆದಲೆದು ಕಲ್ಯಾಣಕ್ಕೆ ಬಂದು ವಿದ್ಯಾಪತಿಯಾದ, 'ವಿಕ್ರಮಾಂಕದೇವಚರಿತ'ವನ್ನು ಬರೆದ. ಅದರಲ್ಲಿ ಚಂದಲೆಯೇ ಚಂದ್ರಲೇಖೆಯಾಗಿ ನಾಯಕಿಯಾಗಿದ್ದಾಳೆ. ಅಲ್ಲೇ ಕುಳಿತು 'ಮಿತಾಕ್ಷರ'ವನ್ನು ಬರೆದ ವಿಜ್ಞಾನೇಶ್ವರ, ದಾಯಭಾಗದ ಒಣ ಶಾಸ್ತ್ರವನ್ನು ಮುಗಿಸಿ ಗ್ರಂಥದ ಕೊನೆಗೆ ಕಲ್ಯಾಣದಂಥ ಪಟ್ಟಣ ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಮುಂದೆ ಇರಲಾರದು ಎಂಬರ್ಥದ ಮಾತನ್ನು ಸೇರಿಸಿದ. ವಕೀಲರ ಗ್ರಂಥಕರ್ತನೇ ಹೀಗೆ ಬರೆದ ಮೇಲೆ ಕವಿಗಳ ಗತಿ ಏನು!

ಇವರೆಲ್ಲರನ್ನೂ ಮೀರಿಸಿದವನು ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಅವನ ಹೆಸರಿನ 'ಮಾನಸೋಲ್ಲಾಸ' 1129ರ ಸುಮಾರಿನದು. ಐದು ವಿಂಶತಿಗಳು, ನೂರು ಅಧ್ಯಾಯಗಳು. ಅದರಲ್ಲಿ ಇಡ್ಲಿಯ ಪೂರ್ವಜ ಸಿಕ್ಕುತ್ತದೆಂದು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಹೊಟ್ಟೆಯ ಅಧ್ಯಾಯಕ್ಕೆ ದೊರೆತ ಈ ಕೀರ್ತಿ ಮೈಯ ಅಧ್ಯಾಯಕ್ಕೆ ದೊರೆಯಲಿಲ್ಲ. ವಸ್ತ್ರೋಪಭೋಗವೆಂದು ಅದಕ್ಕೆ ಹೆಸರು. ನಾಗಪಟ್ಟಣ, ಸಿಂಹಳ, ಮೂಲಸ್ಥಾನ, ಕಳಿಂಗ, ವಂಗ, ಮಹಾಚೀನ, ಹೀಗೆ ಎಲ್ಲೆಲ್ಲಿಯ ಬಟ್ಟೆಗಳು ಬಂದು ಆ ದೊರೆಯ ಮುಂದೆ ಬಿಚ್ಚಿಕೊಳ್ಳುತ್ತವೆ. ಯಾವ ಋತುವಿನಲ್ಲಿ ಯಾವುದನ್ನು ಉಡಬೇಕೆಂಬ ವಿಧಿ ಬರುತ್ತದೆ. ನನಗೆ ಮುಖ್ಯವೆಂದು ತೋರುವುದು ಬಟ್ಟೆ ಬಂದ ಊರುಗಳು ದೂರದೂರದವು ಎಂಬ ಸಂಗತಿ. ನೇಯ್ದವರು ಬೇರೆ, ಆರಿಸಿದವರು ಬೇರೆ. ಪ್ಯಾರಿಸ್ಸಿನ ರೇಷ್ಮೆ ಪ್ಯಾರಿಸ್ಸಿನದಲ್ಲ, ಲಿಯೋನ್ ಪಟ್ಟಣದ್ದು. ಕೇಂದ್ರವೆನಿಸುವುದು ಮಗ್ಗವಿರುವ ಊರಲ್ಲ. "ಇದನ್ನು ಈಗ ಉಡು" ಎಂದು ಹೇಳಿ ಅದನ್ನು ಬರೆದಿಟ್ಟ ಊರು.

ಪ್ಯಾರಿಸ್ಸಿನ ಹೆಸರು ಬಂತಾಗಿ ಅಲ್ಲಿಯ ಕಥೆಯನ್ನೂ ಸ್ವಲ್ಪ ನೋಡೋಣ. ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರ್ ರೇಷ್ಮೆಯ ಕೈಗಾರಿಕೆಯನ್ನು ಕೈಹಿಡಿದು ಬೆಳೆಸಿದನೆಂದು ಎಲ್ಲರೂ ಹೇಳುತ್ತಾರೆ. 1672ರಲ್ಲಿ ಡೊನೊ ದ ವೀಜೆ ಎಂಬಾತ 'ಮರ್ಕ್ಯೂರ್ ಗಲಾಂ' ಎಂಬ ಪತ್ರಿಕೆಯನ್ನು ಪ್ರಾರಂಭಿಸಿದ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಅದು ಸಾಹಿತ್ಯ ಪತ್ರಿಕೆ: ಪದ್ಯ, ಕಥೆ, ಒಗಟು, ನಾಟಕದ ವಿಚಾರ, ಆಸ್ಥಾನದ ಸುದ್ದಿ, ಇವುಗಳ ನಡುವೆ ಈ ವರ್ಷ ಯಾರು ಯಾವ ಬಣ್ಣ ಉಟ್ಟರೆಂಬ ವರದಿ. ವಾಚಕರ ಕೈಯಲ್ಲಿರುವ ಈ ಪುರವಣಿಗೆ ಅದು ಮುತ್ತಜ್ಜಿ. ಅರಮನೆಯ ಮೆಟ್ಟಿಲು ಹತ್ತದವರು ಅದನ್ನು ಓದಿ ಉಡುವುದನ್ನು ಕಲಿತರು. 1858ರಲ್ಲಿ ಪ್ಯಾರಿಸ್ಸಿನಲ್ಲಿ ಮಳಿಗೆ ತೆರೆದು, ಬಟ್ಟೆಗೆ ಕರ್ತೃವಿನ ಹೆಸರನ್ನು ಹೊಲಿಯುವ ಪದ್ಧತಿಯನ್ನು ನೆಲೆಗೊಳಿಸಿದ ವರ್ತ್ ಫ್ರೆಂಚರವನೇ ಅಲ್ಲ, ಇಂಗ್ಲೆಂಡಿನ ಲಿಂಕನ್‌ಷೈರಿನವನು. ಕಲ್ಯಾಣಕ್ಕೆ ಬಿಲ್ಹಣನಿದ್ದಂತೆ ಪ್ಯಾರಿಸ್ಸಿಗೆ ಇವನು. 1874ರಲ್ಲಿ ಮಲಾರ್ಮೆ, ಅರ್ಥವಾಗದ ಕವಿಯೆಂದು ಹೆಸರಾದ ಆ ಮಲಾರ್ಮೆ, ಉಡುಪಿನ ಪತ್ರಿಕೆಯೊಂದನ್ನು ಹೆಂಗಸರ ಹೆಸರಿನಲ್ಲಿ ತಾನೇ ಬರೆದು ಎಂಟು ಸಂಚಿಕೆ ಹೊರಡಿಸಿದ. ನಮ್ಮಲ್ಲಿ ಹಿರಿಯ ಕವಿಯೊಬ್ಬರು ಕುಪ್ಪಸದ ತೋಳಿನ ಮೇಲೆ ಅಂಕಣ ಬರೆದರೆ ನಾವು ಏನೆನ್ನುತ್ತಿದ್ದೆವು? ಉಳಿದ ನಗರಗಳದೂ ಇದೇ ದಾರಿ. 1940ರಲ್ಲಿ ಪ್ಯಾರಿಸ್ ಜರ್ಮನರ ವಶವಾಗಿ ಅಲ್ಲಿಯ ಸುದ್ದಿ ನಿಂತಾಗ ನ್ಯೂಯಾರ್ಕ್ ತಲೆಯೆತ್ತಿತು. 1943ರಲ್ಲಿ ಎಲಿನರ್ ಲ್ಯಾಂಬರ್ಟ್ ಎಂಬಾಕೆ ಅಲ್ಲಿ ಏರ್ಪಡಿಸಿದ ಉಡುಪಿನ ವಾರಕ್ಕೆ ಪತ್ರಿಕೆಯವರ ಹೆಸರನ್ನೇ ಇಟ್ಟಳು. ಇಟಲಿಯಲ್ಲಿ 1951ರಲ್ಲಿ ಮೊದಲು ಮೆರೆದದ್ದು ಫ್ಲಾರೆನ್ಸ್. ಎಪ್ಪತ್ತರ ದಶಕದಲ್ಲಿ ಕಾರ್ಖಾನೆಯೂ ಪತ್ರಿಕೆಯೂ ಇದ್ದ ಮಿಲಾನ್ ಅದನ್ನು ಹಿಂದೆ ಹಾಕಿತು.

ಇಷ್ಟೇ ಆಗಿದ್ದರೆ ಕಲ್ಯಾಣದ ಕಥೆಯನ್ನು ಇತಿಹಾಸದ ಅಧ್ಯಾಪಕರಿಗೆ ಒಪ್ಪಿಸಿ ನಾನು ಸುಮ್ಮನಿರಬಹುದಾಗಿತ್ತು. ಕನ್ನಡದ ಅಧ್ಯಾಪಕನಾದ ನನ್ನನ್ನು ಕಾಡುವುದು ಬೇರೆ. ಸೋಮೇಶ್ವರ ವಸ್ತ್ರಾಧ್ಯಾಯವನ್ನು ಬರೆದ ಮೇಲೆ ನಲವತ್ತು ವರ್ಷ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ವಚನಗಳು ಹುಟ್ಟಿದುವು. ಇವೆರಡನ್ನೂ ನಾವು ಎಂದೂ ಒಟ್ಟಿಗೆ ಓದಿಲ್ಲ. 'ಮಾನಸೋಲ್ಲಾಸ' ಸಂಸ್ಕೃತದವರ ಪಾಲು, ವಚನ ಕನ್ನಡದವರ ಪಾಲು ಎಂದು ಪಾಲುಪಟ್ಟಿಯಾಗಿ ಹೋಗಿದೆ. ಅಲಂಕಾರಶಾಸ್ತ್ರವನ್ನು ಓದಿಸುವ ನಾವು ಉಪಮೆ ಉತ್ಪ್ರೇಕ್ಷೆಗಳನ್ನು ಎಣಿಸುತ್ತೇವೆ. ಆ ಕಾಲದ ಮೈಮೇಲಿದ್ದ ಅಲಂಕಾರ ಯಾವುದೆಂದು ಕೇಳುವುದಿಲ್ಲ.

ಅಕ್ಕಮಹಾದೇವಿಯ ಸಂಗತಿಯನ್ನು ತೆಗೆದುಕೊಳ್ಳಿ. ಆಕೆ ಉಡುತಡಿಯಲ್ಲಿ ಸೀರೆಯನ್ನು ಬಿಟ್ಟು, ಕೂದಲನ್ನೇ ಹೊದ್ದು ಹೊರಟವಳು. (ಊರಿನ ಹೆಸರಿನಲ್ಲೇ 'ಉಡು' ಇದೆಯೆಂದು ಶ್ಲೇಷೆ ಮಾಡುವ ಆಸೆ ಅಧ್ಯಾಪಕರಿಗೆ ಬರುತ್ತದೆ, ತಡೆದುಕೊಳ್ಳಬೇಕು.) ಶ್ರೀಶೈಲಕ್ಕೆ ಹೊರಟವಳು ಕಲ್ಯಾಣಕ್ಕೆ ಏಕೆ ಬಂದಳು, ಸಾರ್ ಎಂದು ಒಮ್ಮೆ ತರಗತಿಯಲ್ಲಿ ಕೊಣನೂರಿನ ಕಡೆಯ ಹುಡುಗಿಯೊಬ್ಬಳು ಕೇಳಿದಳು. ಶರಣರ ಸಂಗಕ್ಕಾಗಿ ಎಂಬುದು ಸಿದ್ಧ ಉತ್ತರ, ಅದನ್ನೇ ಕೊಟ್ಟೆ. ಅದು ಸರಿಯಾದದ್ದೂ ಹೌದು. ಆದರೆ ಪ್ರಶ್ನೆ ಅಲ್ಲಿಗೆ ತೀರಲಿಲ್ಲ. ಕಾಡಿನಲ್ಲಿ ಸೀರೆ ಬಿಟ್ಟವಳನ್ನು ಯಾರು ನೋಡುತ್ತಾರೆ? ಹಳ್ಳಿಯಲ್ಲಿ ಬಿಟ್ಟವಳನ್ನು ಹುಚ್ಚಿ ಎನ್ನುತ್ತಾರೆ. ಕಾಶ್ಮೀರದ ದೊರೆ ಯಾವ ಊರಿನ ಉಡುಪನ್ನು ನಕಲು ಮಾಡಿದನೋ, ಯಾವ ಊರಿನ ದೊರೆ ಋತುವಿಗೊಂದು ಬಟ್ಟೆಯನ್ನು ವಿಧಿಸಿ ಗ್ರಂಥ ಬರೆದನೋ, ಆ ಊರಿಗೆ ಒಬ್ಬ ಹೆಣ್ಣು ಬಟ್ಟೆಯಿಲ್ಲದೆ ನಡೆದುಬಂದಳು. ಆ ಬೀದಿಯಲ್ಲಿ ಅವಳ ಬತ್ತಲೆ ವೈರಾಗ್ಯ ಮಾತ್ರವಲ್ಲ, ಉತ್ತರ.

'ಶೂನ್ಯಸಂಪಾದನೆ' ಸಂಕಲಿತವಾದದ್ದು ಹದಿನೈದನೆಯ ಶತಮಾನದಲ್ಲಿ. ಅದನ್ನು ಕಣ್ಣಾರೆ ಕಂಡ ವರದಿಯೆಂದು ನಾನು ಓದುವುದಿಲ್ಲ. ಆದರೆ ಸಂಪಾದಕನ ಸಾಹಿತ್ಯಪ್ರಜ್ಞೆ ಚುರುಕಾದದ್ದು. ಕಲ್ಯಾಣದ ಸಭೆಯಲ್ಲಿ ಅಲ್ಲಮ ಅಕ್ಕನನ್ನು ಕೇಳುವ ಪ್ರಶ್ನೆ ಉಡುಪಿನ ಪ್ರಶ್ನೆಯೇ: ಸೀರೆಯನ್ನು ಬಿಟ್ಟವಳು ಕೂದಲನ್ನೇಕೆ ಮರೆಮಾಡಿಕೊಂಡೆ? ನಾವು ಇದನ್ನು ಜ್ಞಾನಪರೀಕ್ಷೆಯೆಂದು ವ್ಯಾಖ್ಯಾನಿಸುತ್ತೇವೆ. ಮೇಲಿನ ಹಿನ್ನೆಲೆಯಲ್ಲಿ ಇನ್ನೊಂದು ಸಲ ಓದಿ ನೋಡಿ. ಬಿಡುವುದೂ ಒಂದು ಭಂಗಿಯಾಗಬಹುದು, ಬತ್ತಲೆಯೂ ಒಂದು ಉಡುಪಾಗಬಹುದು ಎಂಬ ಸಂಶಯ ಆ ಪ್ರಶ್ನೆಯೊಳಗಿದೆ. ಭಂಗಿಗಳನ್ನು ಕಂಡು ಪಳಗಿದ ಪಟ್ಟಣಕ್ಕೆ ಮಾತ್ರ ಬರಬಹುದಾದ ಸಂಶಯ ಅದು. ಅಕ್ಕ ಕೊಡುವ ಉತ್ತರ ತನ್ನನ್ನು ಕುರಿತದ್ದಲ್ಲ, ನೋಡುವವರ ನೋವನ್ನು ಕುರಿತದ್ದು. ತಾನು ಹೇಗೆ ಕಾಣುತ್ತೇನೆ ಎಂಬ ಚಿಂತೆಯಿಂದ ಬಿಡಿಸಿಕೊಂಡು, ಕಾಣುವವರಿಗೆ ಏನಾಗುತ್ತದೆ ಎಂಬಲ್ಲಿಗೆ ಮಾತನ್ನು ಒಯ್ದು ನಿಲ್ಲಿಸುತ್ತಾಳೆ. ಬರಿಯ ತತ್ತ್ವವೆಂದು ಓದಿದಾಗ ಈ ತಿರುವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಅಕ್ಕ ಒಬ್ಬಳೇ ಅಲ್ಲ. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ಬಿಟ್ಟು ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದು ಸೌದೆ ಮಾರಿ ಬದುಕಿದನೆಂದು ಶರಣರ ಐತಿಹ್ಯ ಹೇಳುತ್ತದೆ. ಕಲ್ಹಣನ ಪಟ್ಟಿಯಲ್ಲಿ ಇಂಥ ಅರಸನಿಲ್ಲ. ಇದನ್ನು ಚರಿತ್ರೆ ಎನ್ನಲಾರೆ. ಆದರೂ ಕಥೆ ಕಟ್ಟಿದವರು ಕಾಶ್ಮೀರವನ್ನೇ ಏಕೆ ಆರಿಸಿದರು? ಎರಡು ನಾಡುಗಳ ನಡುವೆ ಬಿಲ್ಹಣ ನಡೆದ ದಾರಿಯೊಂದಿತ್ತು, ಹರ್ಷನ ಮೋಹದ ಸುದ್ದಿಯೊಂದಿತ್ತು. ಒಬ್ಬ ಕಾಶ್ಮೀರದ ಅರಸ ತನ್ನ ಊರಿನಲ್ಲೇ ಕುಳಿತು ಕಲ್ಯಾಣವನ್ನು ಉಟ್ಟ. ಐತಿಹ್ಯದ ಇನ್ನೊಬ್ಬ ಕಾಶ್ಮೀರದ ಅರಸ ಕಲ್ಯಾಣಕ್ಕೇ ಬಂದು ಉಟ್ಟದ್ದನ್ನು ಕಳಚಿದ. ಊರಿನ ಸೆಳೆತ ಒಂದೇ. ಜೇಡರ ದಾಸಿಮಯ್ಯನ ಕಥೆಯೂ ಹೀಗೆಯೇ. ಮುದನೂರಿನ ಆ ನೇಕಾರ ವರ್ಷಗಟ್ಟಲೆ ನೇಯ್ದ ಅಪೂರ್ವವಾದ ವಸ್ತ್ರವನ್ನು ಜಂಗಮನಿಗೆ ಕೊಟ್ಟಾಗ, ಪಡೆದಾತ ಅದನ್ನು ಅಲ್ಲಿಯೇ ಹರಿದು ಹಾಕಿದನಂತೆ. ದಾಸಿಮಯ್ಯ ಕೋಪಗೊಳ್ಳಲಿಲ್ಲ, ಅವನಿಗೆ ತವನಿಧಿ ದೊರೆಯಿತು. ಒಳ್ಳೆಯ ಬಟ್ಟೆಯ ಬೆಲೆ ತಿಳಿದ ಕೇಳುಗರಿಗೆ ಮಾತ್ರ ಈ ಹರಿಯುವಿಕೆ ಎದೆಗೆ ತಟ್ಟುತ್ತದೆ. ಬೆಲೆ ಗೊತ್ತಿಲ್ಲದವರಿಗೆ ಚಿಂದಿಯ ಕಥೆ ಅಷ್ಟೆ.

ನಮ್ಮ ಸಾಹಿತ್ಯ ಕಲ್ಯಾಣದ ಭಂಗಿಯ ನಿರಾಕರಣೆಯನ್ನು ಉಳಿಸಿಕೊಂಡಿತು, ಭಂಗಿಯನ್ನು ಉಳಿಸಿಕೊಳ್ಳಲಿಲ್ಲ. ನಿರಾಕರಿಸಲ್ಪಟ್ಟದ್ದು ಏನೆಂದು ತಿಳಿಯದೆ ನಿರಾಕರಣೆಯನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ. ಅದರ ಫಲವಾಗಿ ಉಡುಪಿನ ಮಾತೆತ್ತಿದ ಕೂಡಲೆ ನಮ್ಮ ವಿಮರ್ಶೆಗೆ ಮಡಿವಂತಿಕೆ ಬರುತ್ತದೆ. ಅದು ಲಘು ವಿಷಯ, ಹೆಂಗಸರ ಪುಟಕ್ಕೆ ಸೇರಿದ್ದು. ವಚನಕಾರರಿಗೆ ಅದು ಲಘು ವಿಷಯವಾಗಿರಲಿಲ್ಲ. ಲಘುವಾದದ್ದನ್ನು ಬಿಡಲು ಯಾರೂ ಅಷ್ಟು ಕಷ್ಟಪಡುವುದಿಲ್ಲ.

ಆ ಭಂಗಿಯನ್ನು ಕಣ್ಣಿನಿಂದ ನೋಡಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ವಿಷ್ಣುವರ್ಧನ ಆಗ ಇದೇ ವಿಕ್ರಮಾದಿತ್ಯನ ಸಾಮಂತ; ಅಲ್ಲಿ ಕೆಲಸ ಮಾಡಿ ಹೆಸರು ಕೊರೆದಿಟ್ಟ ದಾಸೋಜ ಮತ್ತು ಅವನ ಮಗ ಚಾವಣ ಚಾಲುಕ್ಯರ ಬಳ್ಳಿಗಾವೆಯಿಂದ ಬಂದವರು. ಕನ್ನಡಿ ಹಿಡಿದು ನಿಂತವಳನ್ನು ನೋಡಿ. ಕೋತಿ ಸೀರೆಯನ್ನು ಎಳೆಯುತ್ತಿರುವವಳನ್ನು ನೋಡಿ. ಹೂವಿನ ಕೆತ್ತನೆಯ ನಯವನ್ನು ಹೊಗಳುವ ಮಾರ್ಗದರ್ಶಿಗಳು ತುರುಬಿನ ಹತ್ತಾರು ಬಗೆಗಳನ್ನು ಬೆರಳು ಮಾಡಿ ತೋರಿಸುವುದನ್ನು ನಾನು ಕಂಡದ್ದು ಕಡಿಮೆ. ಕಲ್ಹಣ ಹೇಳಿದ್ದನ್ನು ಓದಿಕೊಂಡು ಹೋಗಿ ಅಲ್ಲಿ ನಿಂತರೆ, ಹರ್ಷನ ಕೈಗೆ ಸಿಕ್ಕ ಚಿತ್ರ ಹೇಗಿದ್ದಿರಬಹುದೆಂಬುದರ ನೆರಳಾದರೂ ಕಾಣುತ್ತದೆ. ದೋರಸಮುದ್ರ ಇದನ್ನು ಕಲ್ಲಿನಲ್ಲಿ ಬರೆಯಿತು. ಕಾಗದದ ಮೇಲೆ ಬರೆದು ಹೊರಗೆ ಕಳಿಸುವ ಬಿಲ್ಹಣ ಅದಕ್ಕೆ ಸಿಕ್ಕಲಿಲ್ಲ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದಮೇಲೆ ಬರೆಸುವವರೂ ಉಳಿಯಲಿಲ್ಲ.

ವಿಜಯನಗರದ್ದು ಇನ್ನೊಂದು ಬಗೆ. ತೆಲುಗಿನ ಶ್ರೀನಾಥಕವಿಯ ಹೆಸರಿನಲ್ಲಿ ಒಂದು ಚಾಟುಪದ್ಯ ಪ್ರಚಲಿತವಾಗಿದೆ: ಪ್ರೌಢದೇವರಾಯನ ದರ್ಶನಕ್ಕಾಗಿ ತಾನು ತಲೆಗೆ ಕುಳ್ಳಾಯಿ ಇಟ್ಟು, ಮೈಗೆ ದೊಡ್ಡ ಕುಪ್ಪಸ ತೊಟ್ಟು, ಒಗ್ಗದ ಊಟವನ್ನು ಉಂಡೆನಲ್ಲ ಎಂದು ಕವಿ ಕನ್ನಡ ರಾಜ್ಯಲಕ್ಷ್ಮಿಯ ಮುಂದೆ ಗೋಳಾಡುತ್ತಾನೆ. ಹೊರಗಿನ ಮಹಾಕವಿಗೂ ತನ್ನ ಟೋಪಿಯನ್ನು ತೊಡಿಸಬಲ್ಲ ಪಟ್ಟಣ ಅದು. ಕುಳ್ಳಾಯಿ ಪಾರಸಿಯ ಕುಲಾಹ್. ವಿಜಯನಗರ ಅದನ್ನು ಪಡುವಣ ದೇಶದಿಂದ ಪಡೆದು ತನ್ನದಾಗಿ ಮಾಡಿಕೊಂಡಿತು. ಜರತಾರಿ ಹೊದಿಸಿ ಎತ್ತರ ಮಾಡಿತು, ಲೇಪಾಕ್ಷಿಯ ಚಿತ್ರಗಳಲ್ಲಿ ಅದನ್ನು ಇಂದೂ ನೋಡಬಹುದು. ಪಟ್ಟಣ ಹೋಯಿತು, ಮಾತು ಉಳಿಯಿತು. ನಮ್ಮ ಮನೆಗಳಲ್ಲಿ ಹಸುಗೂಸಿನ ತಲೆಗೆ ಕಟ್ಟುವ ಕುಲಾವಿ ಅದೇ ಮೂಲದ ಮಾತು. ಅಮಾತ್ಯರ ತಲೆಯ ಮೇಲೆ ಮೆರೆದ ಹೆಸರು ತೊಟ್ಟಿಲಿಗೆ ಇಳಿದಿದೆ.

ಇಂದು ಬೆಂಗಳೂರು ಲೋಕಕ್ಕೆಲ್ಲ ಉಡುಪು ಹೊಲಿಯುತ್ತದೆ. ಬೆಳಗ್ಗೆ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ನಿಂತು ನೋಡಿದರೆ ಬುತ್ತಿಚೀಲ ಹಿಡಿದು ಸಾಲಾಗಿ ನಡೆಯುವ ಸಾವಿರಾರು ಹೆಣ್ಣುಮಕ್ಕಳು ಕಾಣುತ್ತಾರೆ. ಅವರು ಹೊಲಿದ ಅಂಗಿಯ ಕತ್ತಿನ ಚೀಟಿಯ ಮೇಲೆ ಇರುವುದು ಬೇರೆ ಊರಿನ ಹೆಸರು. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ತಯಾರಾದ ಹಾಸಿಗೆಯ ವಸ್ತ್ರ ಅಮೆರಿಕಕ್ಕೆ ಹೋಗುತ್ತದೆ. ಅಲ್ಲಿ ಮಲಗುವವರಿಗೆ ಹಾಸನ ಎಲ್ಲಿದೆಯೆಂದು ಗೊತ್ತಿರಬೇಕಾಗಿಲ್ಲ. ಮೈಸೂರಿನಲ್ಲಿ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಪ್ರಾರಂಭವಾದ ರೇಷ್ಮೆ ಕಾರ್ಖಾನೆ ಊರಿನ ಹೆಸರನ್ನು ಸೀರೆಗೆ ಕೊಟ್ಟಿತು, ಅದು ದೊಡ್ಡ ಮಾತೇ. ಆದರೆ ಮೈಸೂರು ಸೀರೆಯನ್ನು ಕೊಂಡವರು ಮೈಸೂರಿನವರಂತೆ ಕಾಣಬೇಕೆಂದು ಬಯಸಿದ್ದುಂಟೇ ಎಂಬುದು ಸಂಶಯ. ನಮ್ಮ ತಾಲ್ಲೂಕಿನ ರುದ್ರಪಟ್ಟಣ ಸಣ್ಣ ಹಳ್ಳಿ, ಸಂಗೀತಗಾರರಿಂದ ನಾಡಿಗೆಲ್ಲ ಹೆಸರಾಯಿತು. ಸಂಗೀತ ಹೊಳೆಯ ದಂಡೆಯಲ್ಲಿ ಬೆಳೆದೀತು. ಉಡುಪಿಗೆ ನೋಡುವವರ ಸಂದಣಿ ಬೇಕು, ನೋಡಿದ್ದನ್ನು ಬರೆಯುವವರು ಬೇಕು. ನಮ್ಮ ಪತ್ರಿಕೆಗಳಲ್ಲಿ ಇದನ್ನು ಕುರಿತು ಬರುವ ಬರವಣಿಗೆಯಲ್ಲಿ ಕನ್ನಡದ ಕ್ರಿಯಾಪದಗಳಷ್ಟೇ ಉಳಿದಿರುತ್ತವೆ. ಲುಕ್ಕು, ಟ್ರೆಂಡು, ಸ್ಟೈಲು ಇವುಗಳ ನಡುವೆ ಅವು ಎತ್ತಿನ ಹಾಗೆ ದುಡಿಯುತ್ತವೆ.

ಇಳಕಲ್ಲಿನ ನೇಕಾರರನ್ನು ನೋಡಿ. ಅಂಚಿಗೆ ಗೋಮಿ, ಚಿಕ್ಕಿ, ಗಾಡಿ, ಪರಾಸಪೇಟೆ, ಸೆರಗಿಗೆ ತೋಪತೆನಿ, ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಯಿಂದ ಎಳೆಗೆ ಹಾಕುವ ಗಂಟಿಗೆ ಕೊಂಡಿ. ಇವರು ಬಿಲ್ಹಣನಿಗೆ ಕಾಯದೆ ತಮ್ಮ ಕೆಲಸಕ್ಕೆ ತಾವೇ ಹೆಸರಿಟ್ಟುಕೊಂಡವರು. ಸೋಮೇಶ್ವರ ಹೇಳುವ ಬಟ್ಟೆಗಳ ಬಣ್ಣ ಗೆರೆಗಳ ವಿವರಣೆಯಲ್ಲಿ ಸಂಸ್ಕೃತ ಪಂಡಿತರು ಬಿಡಿಸಲಾರದೆ ಬಿಟ್ಟ ಮಾತುಗಳಿವೆ. ಮಗ್ಗದ ಮುಂದೆ ಕುಳಿತವರಿಗೆ ಅವುಗಳಲ್ಲಿ ಒಂದೆರಡರ ಗುರುತು ಹತ್ತಬಹುದೆಂದು ನನಗೆ ಅನ್ನಿಸುತ್ತದೆ. ಬರುವ ಬೇಸಗೆಯ ರಜೆಯಲ್ಲಿ ಆ ಅಧ್ಯಾಯವನ್ನು ಕನ್ನಡದಲ್ಲಿ ಬರೆದುಕೊಂಡು ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರುಗಳಿಗೆ ಹೋಗಿ ಓದಿ ಹೇಳಿ ಬರಬೇಕೆಂದಿದ್ದೇನೆ. ವಾಚಕರಲ್ಲಿ ನೇಯ್ಗೆಯ ಮನೆತನದವರು ಯಾರಾದರೂ ಇದ್ದು, ಹಿರಿಯರ ಬಾಯಲ್ಲಿ ಕೇಳಿದ ಬಟ್ಟೆಯ ಹೆಸರುಗಳನ್ನು ಪುರವಣಿಗೆ ಬರೆದು ಕಳಿಸಿದರೆ ಅವನ್ನೂ ಜೊತೆಗೆ ಒಯ್ಯುತ್ತೇನೆ.